ಒಂದೇ ಅಂಕಿ, ಹಲವು ನಂಟು: ಬಂಧುಗಳ ನಡುವಿನ ಡಿಎನ್‌ಎ ಲೆಕ್ಕವನ್ನು ಓದುವ ಬಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಲಾಗಿದೆ.)

ಸಭಿಕರಿಗೆ ನಮಸ್ಕಾರ. ಪುಟ್ಟ ಕೊಳವೆಯಲ್ಲಿ ಎಂಜಲು ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿದರೆ ಕೆಲವು ವಾರಗಳಲ್ಲಿ ಬಂಧುಗಳ ಪಟ್ಟಿಯೊಂದು ಮನೆಗೆ ಬರುವ ಕಾಲದಲ್ಲಿ ನಾವಿದ್ದೇವೆ. ಆ ಪಟ್ಟಿಯಲ್ಲಿ ಪ್ರತಿಯೊಂದು ಹೆಸರಿನ ಎದುರಿಗೂ ಒಂದು ಅಂಕಿ ಇರುತ್ತದೆ, ಅಂಕಿಯ ಪಕ್ಕದಲ್ಲಿ ಒಂದು ಊಹೆಯೂ ಇರುತ್ತದೆ: ಹಂಚಿಕೆಯಾಗಿರುವ ಡಿಎನ್‌ಎ 870 ಸೆಂಟಿಮಾರ್ಗನ್ (ಇಂಥ ಹಂಚಿಕೆಯನ್ನು ಅಳೆಯುವ ಮಾನ), ಬಹುಶಃ ದೊಡ್ಡಪ್ಪನ ಅಥವಾ ಸೋದರತ್ತೆಯ ಮಗ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಇಂಥ ಪಟ್ಟಿಗಳು ಬರುತ್ತಿವೆ. ಇವುಗಳಲ್ಲಿ ಅಂಕಿ ಒಂದು ಅಳತೆ, ನಂಟಿನ ಹೆಸರು ಆ ಅಳತೆಯ ಮೇಲೆ ಕಟ್ಟಿದ ಅನುಮಾನ. ಅನುಮಾನದ ಹಿಂದೆ ಒಂದು ಗ್ರಹಿಕೆ ಅಡಗಿದೆ. ಗಂಡ ಹೆಂಡತಿಯರು ಪರಸ್ಪರ ಬಂಧುಗಳಲ್ಲ ಎಂಬುದೇ ಆ ಗ್ರಹಿಕೆ. ದಕ್ಷಿಣ ಭಾರತದ ಅನೇಕ ಕುಟುಂಬಗಳಿಗೆ ಅದು ಹೊಂದುವುದಿಲ್ಲ. ಅಂಕಿ ಹುಟ್ಟುವುದು ಹೇಗೆ, ಅದು ಏಕೆ ಏರಿಳಿಯುತ್ತದೆ, ನಮ್ಮ ವಂಶವೃಕ್ಷಗಳಲ್ಲಿ ಅದನ್ನು ಹೇಗೆ ಓದಬೇಕು ಎಂಬುದನ್ನು ಈ ಕ್ರಮದಲ್ಲಿಯೇ ನೋಡೋಣ.

ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಲಿಂಗವನ್ನು ನಿರ್ಧರಿಸುವ ಜೊತೆಯನ್ನು ಬಿಟ್ಟು ಉಳಿದ 22 ಜೊತೆಗಳನ್ನು ಬಂಧುತ್ವದ ಲೆಕ್ಕಕ್ಕೆ ಮುಖ್ಯವಾಗಿ ಬಳಸುತ್ತಾರೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಆದ್ದರಿಂದ ಹೆತ್ತವರಲ್ಲಿ ಒಬ್ಬೊಬ್ಬರೊಂದಿಗೂ ನಮ್ಮ ಪಾಲು ಸರಿಯಾಗಿ ಅರ್ಧ, ಅಲ್ಲಿ ಆಕಸ್ಮಿಕಕ್ಕೆ ಎಡೆಯಿಲ್ಲ. ಆಕಸ್ಮಿಕ ಆರಂಭವಾಗುವುದು ಅಜ್ಜ ಅಜ್ಜಿಯರ ಮೆಟ್ಟಿಲಿನಲ್ಲಿ. ತಾಯಿಯ ಅಂಡ ರೂಪುಗೊಳ್ಳುವಾಗ ಆಕೆಯ ತಾಯಿಯಿಂದ ಬಂದ ವರ್ಣತಂತುವೂ ತಂದೆಯಿಂದ ಬಂದ ವರ್ಣತಂತುವೂ ಪಕ್ಕಪಕ್ಕ ಸೇರಿ, ಕೆಲವು ಜಾಗಗಳಲ್ಲಿ ತುಂಡಾಗಿ, ತುಣುಕುಗಳನ್ನು ಅದಲುಬದಲು ಮಾಡಿಕೊಂಡು ಹೊಸದಾಗಿ ಜೋಡಣೆಗೊಳ್ಳುತ್ತವೆ. ಒಂದು ಅಂಡದಲ್ಲಿ ಇಂಥ ಅದಲುಬದಲು ಸರಾಸರಿ 40ಕ್ಕೂ ಹೆಚ್ಚು ಕಡೆ ನಡೆದರೆ, ಒಂದು ವೀರ್ಯಾಣುವಿನಲ್ಲಿ ಸುಮಾರು 26 ಕಡೆ ಮಾತ್ರ ನಡೆಯುತ್ತದೆ. ತುಂಡುಗಳ ಸಂಖ್ಯೆ ಇಷ್ಟು ಕಡಿಮೆ ಇರುವುದರಿಂದ ಹಂಚಿಕೆ ಎಂದೂ ಕರಾರುವಾಕ್ಕಾಗಿ ಸಮಪಾಲಾಗದು. ತಾಯಿಯ ತಾಯಿಯಿಂದ ಒಬ್ಬನಿಗೆ ಶೇ. 28 ಬಂದಿದ್ದರೆ ತಾಯಿಯ ತಂದೆಯಿಂದ ಅವನಿಗೆ ಶೇ. 22 ಮಾತ್ರ ಬಂದಿರಬೇಕು, ಏಕೆಂದರೆ ಎರಡೂ ಸೇರಿ ತಾಯಿಯ ಅರ್ಧ ಪಾಲನ್ನು ಮೀರುವಂತಿಲ್ಲ.

ಒಡಹುಟ್ಟಿದವರ ವಿಷಯದಲ್ಲಿ ಈ ಏರಿಳಿತ ಇನ್ನೂ ಸ್ಪಷ್ಟ. ಅಕ್ಕ ತಮ್ಮಂದಿರ ಡಿಎನ್‌ಎಯಲ್ಲಿ ಸರಾಸರಿ ಕಾಲು ಭಾಗದಷ್ಟು ಜಾಗದಲ್ಲಿ ಇಬ್ಬರಿಗೂ ತಂದೆಯ ಕಡೆಯದೂ ತಾಯಿಯ ಕಡೆಯದೂ ಒಂದೇ ತುಣುಕು ಬಂದಿರುತ್ತದೆ. ಅರ್ಧ ಭಾಗದಲ್ಲಿ ಒಂದು ಕಡೆಯದು ಮಾತ್ರ ಒಂದೇ ಆಗಿರುತ್ತದೆ. ಉಳಿದ ಕಾಲು ಭಾಗದಲ್ಲಿ ಯಾವುದೂ ಒಂದೇ ಆಗಿರುವುದಿಲ್ಲ. ಒಟ್ಟು ಸರಾಸರಿ ಶೇ. 50. ಆದರೆ 2006ರಲ್ಲಿ ಪೀಟರ್ ವಿಷರ್ ಮತ್ತು ಸಂಗಡಿಗರು ನಾಲ್ಕು ಸಾವಿರಕ್ಕೂ ಹೆಚ್ಚು ಒಡಹುಟ್ಟಿದ ಜೋಡಿಗಳನ್ನು ಪರೀಕ್ಷಿಸಿದಾಗ ಹಂಚಿಕೆ ಶೇ. 37ರಿಂದ ಶೇ. 62ರವರೆಗೂ ಹರಡಿಕೊಂಡಿರುವುದು ಕಂಡುಬಂತು. ಒಂದೇ ತಂದೆತಾಯಿಯ ಮಕ್ಕಳಲ್ಲಿ ಒಬ್ಬ ತಂಗಿ ಅಣ್ಣನಿಗೆ ಡಿಎನ್‌ಎ ದೃಷ್ಟಿಯಿಂದ ಇನ್ನೊಬ್ಬ ತಂಗಿಗಿಂತ ನಿಜವಾಗಿಯೂ ಹತ್ತಿರದವಳಾಗಿರಬಹುದು. ಆ ಸಂಶೋಧಕರು ಇದೇ ವ್ಯತ್ಯಾಸವನ್ನು ಬಳಸಿಕೊಂಡು ಎತ್ತರದ ಅನುವಂಶಿಕತೆಯನ್ನು ಅಳೆದರೆಂಬುದು ನನಗೆ ಬಹಳ ಸೊಗಸಾದ ಯೋಚನೆಯಾಗಿ ತೋರುತ್ತದೆ.

ಇನ್ನು ಅಳತೆಯ ಮಾನದ ಮಾತು. ಡಿಎನ್‌ಎಯ ಉದ್ದವನ್ನು ಅಕ್ಷರಗಳ ಎಣಿಕೆಯಲ್ಲಿ ಹೇಳಬಹುದು. ಒಂದು ಕಡೆಯಿಂದ ಬಂದ ಒಟ್ಟು ಗಂಟಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಆದರೆ ಬಂಧುತ್ವದ ಲೆಕ್ಕಕ್ಕೆ ಬೇಕಾದದ್ದು ಒಂದು ತುಣುಕು ತಲೆಮಾರು ದಾಟುವಾಗ ತುಂಡಾಗುವ ಸಂಭವ ಎಷ್ಟು ಎಂಬುದು. ಚಾರ್ಮಾಡಿ ಘಾಟಿಯ ಹತ್ತು ಕಿಲೋಮೀಟರನ್ನೂ ಬಯಲುಸೀಮೆಯ ಹತ್ತು ಕಿಲೋಮೀಟರನ್ನೂ ಪ್ರಯಾಣದ ಹೊತ್ತಿನಲ್ಲಿ ಅಳೆದರೆ ಬೇರೆ ಬೇರೆ ಅಂಕಿ ಬರುವಂತೆ, ವರ್ಣತಂತುವಿನ ಸಮಾನ ಉದ್ದದ ಎರಡು ಭಾಗಗಳು ತುಂಡಾಗುವ ಸಂಭವದಲ್ಲಿ ಬೇರೆ ಬೇರೆಯಾಗಿರುತ್ತವೆ. ಒಂದು ತಲೆಮಾರಿನಲ್ಲಿ ಅದಲುಬದಲು ನಡೆಯುವ ಸಂಭವ ನೂರಕ್ಕೆ ಒಂದು ಇದ್ದರೆ ಆ ಅಂತರವೇ ಒಂದು ಸೆಂಟಿಮಾರ್ಗನ್. ಥಾಮಸ್ ಹಂಟ್ ಮಾರ್ಗನ್ ಅವರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಆಲ್ಫ್ರೆಡ್ ಸ್ಟರ್ಟವಂಟ್ ಹಣ್ಣಿನ ನೊಣದ ವರ್ಣತಂತುವಿಗೆ ಇಂಥ ಮೊದಲ ನಕ್ಷೆಯನ್ನು ರಚಿಸಿ 1913ರಲ್ಲಿ ಪ್ರಕಟಿಸಿದರು. ಮಾನಕ್ಕೆ ಮಾರ್ಗನ್ ಅವರ ಹೆಸರನ್ನು 1919ರಲ್ಲಿ ಸೂಚಿಸಿದವರು ಜೆ.ಬಿ.ಎಸ್. ಹಾಲ್ಡೇನ್. ಆ ಹಾಲ್ಡೇನರೇ 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಶಿಷ್ಯ ಕೃಷ್ಣ ದ್ರೋಣಂರಾಜು 1960ರ ದಶಕದ ಆರಂಭದಲ್ಲಿ ಆಂಧ್ರಪ್ರದೇಶದ ಸೋದರಸಂಬಂಧದ ಮದುವೆಗಳನ್ನು ಅಧ್ಯಯನ ಮಾಡಿದರು. ಇಂದಿನ ಪರೀಕ್ಷಾ ವರದಿಯಲ್ಲಿ ಅಚ್ಚಾಗುವ ಮಾನಕ್ಕೂ ನಮ್ಮ ಸೋದರಮಾವನ ಮದುವೆಗಳ ಅಧ್ಯಯನಕ್ಕೂ ಹೀಗೆ ಒಬ್ಬರೇ ವಿಜ್ಞಾನಿಯ ಮೂಲಕ ಕೊಂಡಿಯಿದೆ.

ಹೆತ್ತವರು ಮತ್ತು ಮಕ್ಕಳ ನಡುವಿನ ಅಂಕಿ ಸುಮಾರು 3,400ರಿಂದ 3,500 ಸೆಂಟಿಮಾರ್ಗನ್; ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ. ಉಳಿದ ನಂಟುಗಳ ಅಂಕಿಗಳನ್ನು ಜನರಿಂದಲೇ ಸಂಗ್ರಹಿಸುವ ದೊಡ್ಡ ಕೆಲಸವನ್ನು ಅಮೆರಿಕದ ಬ್ಲೇನ್ ಬೆಟಿಂಜರ್ 2015ರಲ್ಲಿ ಆರಂಭಿಸಿದರು. 2020ರ ಮಾರ್ಚ್‌ನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಸುಮಾರು 60,000 ನಂಟುಗಳ ಮಾಹಿತಿಯಿದೆ. ಅದರಂತೆ ಒಡಹುಟ್ಟಿದವರ ಸರಾಸರಿ ಸುಮಾರು 2,600. ಅಜ್ಜಅಜ್ಜಿಯರು, ಚಿಕ್ಕಪ್ಪ ಸೋದರತ್ತೆಯರು ಮತ್ತು ತಂದೆ ಅಥವಾ ತಾಯಿ ಮಾತ್ರ ಒಂದೇ ಆಗಿರುವ ಮಲಸಹೋದರರು, ಈ ಮೂವರೂ ಸುಮಾರು 1,750ರ ಆಸುಪಾಸು. ತಂದೆತಾಯಿಯ ಒಡಹುಟ್ಟಿದವರ ಮಕ್ಕಳು ಸುಮಾರು 866, ಆದರೆ ವ್ಯಾಪ್ತಿ 396ರಿಂದ 1,397ರವರೆಗೆ. ಮುತ್ತಜ್ಜ ಮುತ್ತಜ್ಜಿಯರು ಒಂದೇ ಆಗಿರುವ ಎರಡನೆಯ ಸುತ್ತಿನ ಸೋದರರು ಸುಮಾರು 229. ಮೂರನೆಯ ಸುತ್ತಿನವರು 73.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಒಡಹುಟ್ಟಿದವರ ಪಾಲು ಹೆತ್ತವರ ಪಾಲಿನಂತೆಯೇ ಅರ್ಧವಾದರೆ ಅವರ ಅಂಕಿ ಏಕೆ 3,400 ಆಗುವುದಿಲ್ಲ? ಅನೇಕ ಕಂಪನಿಗಳು ಎರಡೂ ಕಡೆಯಿಂದ ಹೊಂದುವ ಜಾಗವನ್ನು ಒಂದೇ ಬಾರಿ ಎಣಿಸುತ್ತವೆ. ಒಡಹುಟ್ಟಿದವರಲ್ಲಿ ಮುಕ್ಕಾಲು ಭಾಗ ಜಾಗದಲ್ಲಿ ಒಂದಾದರೂ ತುಣುಕು ಹೊಂದುವುದರಿಂದ 3,450ರ ಮುಕ್ಕಾಲು, ಅಂದರೆ 2,600ರ ಹತ್ತಿರದ ಅಂಕಿ ಬರುತ್ತದೆ. ಎಣಿಕೆಯ ಈ ಪದ್ಧತಿ ಮುಂದೆ ನಮ್ಮ ಕುಟುಂಬಗಳ ಲೆಕ್ಕದಲ್ಲಿ ಮತ್ತೆ ಬೇಕಾಗುತ್ತದೆ.

1,750ರ ಗುಂಪು ಈ ವಿದ್ಯೆಯ ಪ್ರಸಿದ್ಧ ಕವಲುದಾರಿ. ಅಂಕಿಯೊಂದರಿಂದಲೇ ಅಜ್ಜಿಯನ್ನೂ ಅತ್ತೆಯನ್ನೂ ಮಲತಂಗಿಯನ್ನೂ ಬೇರ್ಪಡಿಸಲಾಗದು. ವಯಸ್ಸು ಮೊದಲ ಸುಳಿವು. ಎರಡನೆಯದು ತುಣುಕುಗಳ ಸಂಖ್ಯೆ: ಅಜ್ಜಿಯಿಂದ ಮೊಮ್ಮಗನಿಗೆ ಬರುವ ದಾರಿಯಲ್ಲಿ ತುಂಡಾಗುವ ಸಂದರ್ಭ ಒಂದೇ ಇರುವುದರಿಂದ ತುಣುಕುಗಳು ಕಡಿಮೆಯಾಗಿಯೂ ಉದ್ದವಾಗಿಯೂ ಇರುತ್ತವೆ, ಅತ್ತೆಯ ವಿಷಯದಲ್ಲಿ ಅವು ಹೆಚ್ಚು ಮತ್ತು ಗಿಡ್ಡ. ತಂದೆಯ ಕಡೆಯ ಅಜ್ಜಿಯಾದರೆ ತುಣುಕುಗಳು ಇನ್ನೂ ಕಡಿಮೆ, ಗಂಡಸಿನಲ್ಲಿ ಅದಲುಬದಲು ಕಡಿಮೆ ಎಂಬುದೇ ಕಾರಣ. ಎಕ್ಸ್ ವರ್ಣತಂತು ಮೂರನೆಯ ಸಾಕ್ಷಿ. ತಂದೆ ತನ್ನ ಒಂದೇ ಎಕ್ಸನ್ನು ಮಗಳಿಗೆ ತುಂಡಾಗದಂತೆ ದಾಟಿಸುತ್ತಾನೆ, ಆ ಎಕ್ಸ್ ಅವನಿಗೆ ಅವನ ತಾಯಿಯಿಂದ ಬಂದದ್ದು. ಹಾಗಾಗಿ ಹೆಣ್ಣುಮಗುವೊಂದು ತಂದೆಯ ತಾಯಿಯೊಂದಿಗೆ ಇಡೀ ಎಕ್ಸ್ ಉದ್ದಕ್ಕೂ ಹೊಂದಲೇಬೇಕು.

ದೂರದ ಬಂಧುಗಳತ್ತ ಹೋದಂತೆ ಸರಾಸರಿ ಅಂಕಿಯೇ ಹಾದಿ ತಪ್ಪಿಸತೊಡಗುತ್ತದೆ. ಸಿದ್ಧಾಂತದ ಪ್ರಕಾರ ನಾಲ್ಕನೆಯ ಸುತ್ತಿನ ಸೋದರರು ಸರಾಸರಿ 13 ಅಥವಾ 14 ಸೆಂಟಿಮಾರ್ಗನ್ ಹಂಚಿಕೊಳ್ಳಬೇಕು. ಜನರಿಂದ ಸಂಗ್ರಹವಾದ ಮಾಹಿತಿಯಲ್ಲಿ ಸರಾಸರಿ 35. ಏನನ್ನೂ ಹಂಚಿಕೊಳ್ಳದ ಜೋಡಿಗಳು ಪರಸ್ಪರರ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲವಾದ್ದರಿಂದ ಅವುಗಳ ಸೊನ್ನೆಗಳು ಸಂಗ್ರಹಕ್ಕೆ ಸೇರುವುದು ಅಪರೂಪ. ಮೂರನೆಯ ಸುತ್ತಿನ ನಿಜವಾದ ಸೋದರರಲ್ಲಿ ಸುಮಾರು ಹತ್ತರಲ್ಲಿ ಒಂದು ಜೋಡಿಗೆ, ನಾಲ್ಕನೆಯ ಸುತ್ತಿನಲ್ಲಿ ಸುಮಾರು ಅರ್ಧದಷ್ಟು ಜೋಡಿಗಳಿಗೆ, ಪರೀಕ್ಷೆಯಲ್ಲಿ ಪತ್ತೆಯಾಗುವಂಥ ಹೊಂದಿಕೆ ಇರುವುದಿಲ್ಲ. ಆದ್ದರಿಂದ ದೂರದ ನಂಟೊಂದು ಪಟ್ಟಿಯಲ್ಲಿ ಬಂದಿಲ್ಲವೆಂದು ಮನೆಯ ವಂಶಾವಳಿಯನ್ನು ಸುಳ್ಳೆನ್ನುವುದು ಅವಸರದ ತೀರ್ಮಾನ. ಹತ್ತು ತಲೆಮಾರು ಹಿಂದೆ ಪ್ರತಿಯೊಬ್ಬರಿಗೂ ಲೆಕ್ಕದಲ್ಲಿ 1,024 ಪೂರ್ವಜರ ಸ್ಥಾನಗಳಿವೆ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯಿಂದ ಮಾತ್ರ ನಮಗೆ ಡಿಎನ್‌ಎ ಬಂದಿರುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. 7 ಸೆಂಟಿಮಾರ್ಗನ್‌ಗಿಂತ ಚಿಕ್ಕ ತುಣುಕುಗಳಲ್ಲಿ ದೊಡ್ಡ ಪಾಲು ನಿಜವಾದ ಪರಂಪರೆಯಿಂದ ಬಂದವಲ್ಲ, ಎರಡೂ ಕಡೆಯ ಅಕ್ಷರಗಳು ಆಕಸ್ಮಿಕವಾಗಿ ಬೆರೆತು ಹೊಂದಿದಂತೆ ತೋರುವವು. ಅಂಥವನ್ನು ಆಧಾರವಾಗಿಟ್ಟು ನಂಟು ಕಟ್ಟಬಾರದು.

ಈಗ ನಮ್ಮ ಕುಟುಂಬಗಳ ವಿಷಯಕ್ಕೆ ಬರುತ್ತೇನೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆಯೊಂದಿಗೆ ತಂದೆತಾಯಿಯರ ನಂಟನ್ನೂ ದಾಖಲಿಸಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ಮುಂತಾದವರು ವಿಶ್ಲೇಷಿಸಿದ ಆ ಮಾಹಿತಿಯಲ್ಲಿ ಮದುವೆಗಳ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದವು, ಅವುಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಸೋದರಮಾವ ಅಕ್ಕನ ಮಗಳನ್ನು ಮದುವೆಯಾದವು. ಇಂದು ಅಂಥ ಮದುವೆಗಳು ಕಡಿಮೆಯಾಗಿವೆ. ಆದರೆ ಆಗ ಹುಟ್ಟಿದ ಮಕ್ಕಳೇ ಈಗ ಪರೀಕ್ಷೆ ಮಾಡಿಸಿಕೊಳ್ಳುವ ವಯಸ್ಸಿನಲ್ಲಿದ್ದಾರೆ, ಅವರ ಅಂಕಿಗಳನ್ನು ಪರಸ್ಪರ ಬಂಧುಗಳಲ್ಲದ ದಂಪತಿಗಳ ಕೋಷ್ಟಕದಲ್ಲಿಟ್ಟು ಓದಿದರೆ ತಪ್ಪು ನಂಟು ಹೊರಬರುತ್ತದೆ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಅಕ್ಕ, ಅವಳ ತಮ್ಮ. ಅಕ್ಕನ ಮಗಳನ್ನು ತಮ್ಮ ಮದುವೆಯಾಗಿದ್ದಾನೆ, ಅವರಿಗೊಬ್ಬ ಮಗನಿದ್ದಾನೆ. ಆ ಹುಡುಗನಿಗೆ ಅಕ್ಕ ಏನಾಗಬೇಕು? ತಾಯಿಯ ತಾಯಿಯಾದ್ದರಿಂದ ಅಜ್ಜಿ, ತಂದೆಯ ಅಕ್ಕನಾದ್ದರಿಂದ ಸೋದರತ್ತೆ. ಅಜ್ಜಿಯ ದಾರಿಯಲ್ಲಿ ಶೇ. 25, ಅತ್ತೆಯ ದಾರಿಯಲ್ಲಿ ಇನ್ನೊಂದು ಶೇ. 25, ಒಟ್ಟು ಅರ್ಧ. ಎರಡು ದಾರಿಗಳ ತುಣುಕುಗಳು ಕೆಲವೆಡೆ ಒಂದರ ಮೇಲೊಂದು ಬೀಳುತ್ತವೆ, ಅಂಥ ಜಾಗವನ್ನು ಒಂದೇ ಬಾರಿ ಎಣಿಸಿದರೆ ವರ್ಣತಂತುಗಳ ಮುಕ್ಕಾಲು ಭಾಗದಲ್ಲಿ ಹೊಂದಿಕೆ ಸಿಗುತ್ತದೆ, ಅಂಕಿ 2,600ರ ಆಸುಪಾಸಿಗೆ ಬರುತ್ತದೆ. ಕೋಷ್ಟಕದ ಪ್ರಕಾರ ಅದು ಒಡಹುಟ್ಟಿದವರ ಅಂಕಿ. ಇನ್ನು ಅದೇ ಅಕ್ಕನ ಮಗನನ್ನು ನೋಡಿ. ಹುಡುಗನಿಗೆ ಅವನು ತಾಯಿಯ ಕಡೆಯಿಂದ ಸೋದರಮಾವ, ತಂದೆಯ ಕಡೆಯಿಂದ ಸೋದರತ್ತೆಯ ಮಗ. ಶೇ. 25 ಮತ್ತು ಶೇ. 12.5 ಸೇರಿ ಶೇ. 37.5, ಅಂಕಿಯಲ್ಲಿ ಸರಾಸರಿ 2,150ರ ಹತ್ತಿರ. ಪಾಶ್ಚಾತ್ಯ ಕೋಷ್ಟಕಗಳನ್ನು ಬಳಸುವವರು ಈ ಅಂಕಿಯನ್ನು ಕಂಡರೆ, ಒಬ್ಬನೇ ಗಂಡಸಿಗೆ ಅಕ್ಕತಂಗಿಯರಿಬ್ಬರಲ್ಲಿ ಹುಟ್ಟಿದ ಮಕ್ಕಳಿರಬಹುದೆಂದು, ಅಥವಾ ಅಣ್ಣತಮ್ಮಂದಿರಿಬ್ಬರಿಗೆ ಒಬ್ಬಳೇ ಹೆಂಗಸಿನಲ್ಲಿ ಹುಟ್ಟಿದವರಿರಬಹುದೆಂದು ಶಂಕಿಸುತ್ತಾರೆ. ಎಲ್ಲರಿಗೂ ತಿಳಿದಿರುವ, ಊರೆಲ್ಲ ಬಂದು ಹರಸಿದ ಮದುವೆಯೊಂದು ಹೀಗೆ ಅಂಕಿಯ ಮೂಲಕ ಅನುಮಾನದ ವಸ್ತುವಾಗುವುದು ನನಗೆ ನೋವಿನ ಸಂಗತಿ. ವಂಶವೃಕ್ಷವನ್ನು ಎದುರಿಗಿಟ್ಟುಕೊಂಡು ಎರಡು ದಾರಿಗಳನ್ನೂ ಕೂಡಿಸಿದ್ದರೆ ಆ ಅನುಮಾನ ಹುಟ್ಟುತ್ತಲೇ ಇರಲಿಲ್ಲ.

ಕೂಡಿಸುವ ಈ ವಿಧಾನ ಹೊಸದಲ್ಲ. ಸೂಅಲ್ ರೈಟ್ 1922ರಲ್ಲಿ ಬಂಧುತ್ವವನ್ನು ಲೆಕ್ಕ ಹಾಕಲು ಕೊಟ್ಟ ಕ್ರಮವೂ ಇದೇ: ಇಬ್ಬರ ನಡುವೆ ಸಮಾನ ಪೂರ್ವಜರ ಮೂಲಕ ಹೋಗುವ ಪ್ರತಿಯೊಂದು ದಾರಿಯನ್ನೂ ಗುರುತಿಸಿ, ಪ್ರತಿ ಮೆಟ್ಟಿಲಿಗೂ ಅರ್ಧ ಮಾಡುತ್ತಾ ಹೋಗಿ, ಕೊನೆಗೆ ಎಲ್ಲವನ್ನೂ ಕೂಡಿಸುವುದು. ಅದೇ ಕ್ರಮ ನಮ್ಮ ಹುಡುಗನ ಬಗ್ಗೆ ಇನ್ನೊಂದು ವಿಷಯವನ್ನೂ ತಿಳಿಸುತ್ತದೆ. ತಂದೆಯಿಂದಲೂ ತಾಯಿಯಿಂದಲೂ ಅವನಿಗೆ ಒಂದೇ ಪೂರ್ವಜರ ಅದೇ ತುಣುಕು ಬಂದಿರುವ ಜಾಗಗಳಿರುತ್ತವೆ, ಸೋದರಮಾವನ ಮದುವೆಯ ಮಕ್ಕಳಲ್ಲಿ ಅವು ಸರಾಸರಿ ಎಂಟರಲ್ಲೊಂದು ಭಾಗ, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾದವರ ಮಕ್ಕಳಲ್ಲಿ ಹದಿನಾರರಲ್ಲೊಂದು ಭಾಗ. ಜೆಡ್‌ಮ್ಯಾಚ್ ಎಂಬ ತಾಣದಲ್ಲಿ ಹೆತ್ತವರು ಬಂಧುಗಳೇ ಎಂದು ಪರಿಶೀಲಿಸುವ ಸಾಧನವೊಂದಿದ್ದು, ಅದು ಹುಡುಕುವುದು ಈ ಜಾಗಗಳನ್ನೇ. ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳು ಇಂಥ ಕುಟುಂಬಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೂ ಇದೇ ಕಾರಣವಾದ್ದರಿಂದ, ಈ ಅಂಕಿಯನ್ನು ವೈದ್ಯರೊಂದಿಗೆ ಹಂಚಿಕೊಳ್ಳುವುದು ಉಪಯುಕ್ತ.

ನಮ್ಮ ಬಂಧುತ್ವದ ಕಟ್ಟುಪಾಡು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನೂ ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳನ್ನೂ ಅಣ್ಣತಂಗಿಯರೆಂದು ಪರಿಗಣಿಸಿ ಅವರ ನಡುವೆ ಮದುವೆಯನ್ನು ನಿಷೇಧಿಸುತ್ತದೆ. ಸೋದರಮಾವನ ಮತ್ತು ಸೋದರತ್ತೆಯ ಮಕ್ಕಳಲ್ಲಿ ಮಾತ್ರ ಮದುವೆಯ ವರಸೆ ಇದೆ. ಬೆಡಗು, ಬಳಿ, ಗೋತ್ರಗಳು ತಂದೆಯ ಅಥವಾ ತಾಯಿಯ ಒಂದೇ ಸಾಲನ್ನು ಎಣಿಸುವುದರಿಂದ ಈ ಭೇದ ಸಹಜವಾಗಿ ಮೂಡುತ್ತದೆ. ಆದರೆ 22 ಜೊತೆ ವರ್ಣತಂತುಗಳಿಗೆ ಸಾಲಿನ ಗೊಡವೆಯಿಲ್ಲ. ಎರಡೂ ಬಗೆಯ ಮಕ್ಕಳ ನಡುವೆ ಸರಾಸರಿ ಪಾಲು ಒಂದೇ, ಶೇ. 12.5. ಬೆಡಗು ಬೇರೆಯಾಗಿದ್ದ ಮಾತ್ರಕ್ಕೆ ರಕ್ತಸಂಬಂಧವಿಲ್ಲವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಹತ್ತಿರದ ಮದುವೆಗಳೇ ಇಲ್ಲದ ಕುಟುಂಬದಲ್ಲಿಯೂ ಇನ್ನೊಂದು ಬಗೆಯ ಉಬ್ಬರವಿದೆ. ಶತಮಾನಗಳಿಂದ ಒಂದೇ ಒಳಪಂಗಡದೊಳಗೆ ಹೆಣ್ಣು ಗಂಡು ತರುತ್ತಾ ಬಂದ ಸಮುದಾಯದಲ್ಲಿ ಯಾವ ಇಬ್ಬರಿಗೂ ಹತ್ತಾರು ದೂರದ ದಾರಿಗಳಲ್ಲಿ ನಂಟು ಇರುತ್ತದೆ. ಪ್ರತಿ ದಾರಿಯೂ ಒಂದೆರಡು ಸಣ್ಣ ತುಣುಕನ್ನು ಸೇರಿಸಿದರೂ ಒಟ್ಟು ಅಂಕಿ ಬೆಳೆಯುತ್ತದೆ. ಪೂರ್ವ ಯೂರೋಪಿನ ಅಶ್ಕೆನಾಜಿ ಯಹೂದಿಗಳಲ್ಲಿ ಇದು ಬಹುಕಾಲದಿಂದ ತಿಳಿದಿರುವ ವಿಷಯ, ಆನ್ಸೆಸ್ಟ್ರಿ ಕಂಪನಿ ತನ್ನ ಲೆಕ್ಕದಲ್ಲಿ ಅತಿ ಸಾಮಾನ್ಯವಾಗಿ ಹೊಂದುವ ಜಾಗಗಳ ತೂಕವನ್ನು ತಗ್ಗಿಸುವ ವಿಧಾನವನ್ನೇ ಅಳವಡಿಸಿಕೊಂಡಿದೆ. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ಅವರ ತಂಡ 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 81 ಗುಂಪುಗಳು ಅಶ್ಕೆನಾಜಿಗಳಿಗಿಂತಲೂ ಫಿನ್ಲೆಂಡಿನವರಿಗಿಂತಲೂ ಹೆಚ್ಚಾಗಿ, ಕೆಲವೇ ಪೂರ್ವಜರಿಂದ ಬೆಳೆದು ಬಂದ ಗುರುತನ್ನು ತೋರಿದವು. ನಮ್ಮ ರಾಜ್ಯದಲ್ಲಿಯೂ ನೆಲೆಸಿರುವ ವೈಶ್ಯ ಸಮುದಾಯ ಆ ಅಧ್ಯಯನದ ಮುಖ್ಯ ಉದಾಹರಣೆಗಳಲ್ಲೊಂದು. ಅರಿವಳಿಕೆಯ ಕೆಲವು ಔಷಧಗಳನ್ನು ದೇಹ ನಿಧಾನವಾಗಿ ಕರಗಿಸುವ ಆನುವಂಶಿಕ ಕೊರತೆ ಆ ಸಮುದಾಯದಲ್ಲಿ ಹೆಚ್ಚು.

ಇಂಥ ಉಬ್ಬರವನ್ನು ಗುರುತಿಸಲು ಒಟ್ಟು ಅಂಕಿಗಿಂತ ತುಣುಕುಗಳ ಉದ್ದ ಹೆಚ್ಚು ನೆರವಾಗುತ್ತದೆ. ಇಬ್ಬರ ನಡುವಿನ ದಾರಿಯಲ್ಲಿ ಎಂಟು ಮೆಟ್ಟಿಲುಗಳಿದ್ದರೆ ಉಳಿದುಬಂದ ತುಣುಕಿನ ಸರಾಸರಿ ಉದ್ದ ನೂರನ್ನು ಎಂಟರಿಂದ ಭಾಗಿಸಿದಷ್ಟು, ಅಂದರೆ 12.5 ಸೆಂಟಿಮಾರ್ಗನ್. ಒಟ್ಟು 90 ಸೆಂಟಿಮಾರ್ಗನ್ ಎರಡು ಮೂರು ಉದ್ದ ತುಣುಕುಗಳಲ್ಲಿದ್ದರೆ ಅದು ಇತ್ತೀಚಿನ ನಂಟು. ಅದೇ 90 ಹತ್ತು ಗಿಡ್ಡ ತುಣುಕುಗಳಲ್ಲಿ ಚದುರಿದ್ದರೆ ಅದು ಸಮುದಾಯದ ಹಳೆಯ ಹೆಣಿಗೆಯ ಫಲವಾಗಿರುವ ಸಂಭವವೇ ಹೆಚ್ಚು.

ಪರೀಕ್ಷೆಗೆ ಮುನ್ನ ಯೋಚಿಸಬೇಕಾದ ಸಂಗತಿಯೊಂದಿದೆ. 2018ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ದಶಕಗಳ ಹಿಂದಿನ ಸರಣಿ ಕೊಲೆಗಳ ಆರೋಪಿಯನ್ನು ಬಂಧಿಸಿದ್ದು, ಅವನ ದೂರದ ಸೋದರರ ಡಿಎನ್‌ಎ ಮಾಹಿತಿಯನ್ನು ಹಿಡಿದು ವಂಶವೃಕ್ಷ ಕಟ್ಟಿದ್ದರಿಂದ. ಅದೇ ವರ್ಷ ಯಾನಿವ್ ಎರ್ಲಿಕ್ ಮತ್ತು ಸಂಗಡಿಗರು, ಸುಮಾರು 13 ಲಕ್ಷ ಜನರ ಸಂಗ್ರಹವೊಂದಿದ್ದರೆ ಯೂರೋಪ್ ಮೂಲದ ಅಮೆರಿಕನ್ನರಲ್ಲಿ ಶೇ. 60ರಷ್ಟು ಜನರಿಗೆ ಮೂರನೆಯ ಸುತ್ತಿನ ಅಥವಾ ಇನ್ನೂ ಹತ್ತಿರದ ಬಂಧು ಅದರಲ್ಲಿ ಸಿಗುವರೆಂದು ತೋರಿಸಿದರು. ಒಬ್ಬರು ಕೊಡುವ ಮಾದರಿ ಅವರ ಸೋದರರನ್ನೂ ಅರ್ಧ ಬಯಲಿಗೆ ತರುತ್ತದೆ. ಕೆಲವೊಮ್ಮೆ ದತ್ತು ಅಥವಾ ಮರೆಮಾಚಿದ ಪಿತೃತ್ವದಂಥ ವಿಷಯಗಳೂ ಹೊರಬೀಳುತ್ತವೆ. ಆದ್ದರಿಂದ ಹಿರಿಯರ ಮಾದರಿಯನ್ನು ಅವರಿಗೆ ಅರ್ಥವಾಗುವಂತೆ ಹೇಳದೆ ತೆಗೆದುಕೊಳ್ಳಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಅವರು ಒಪ್ಪಿದರೆ ಮೊದಲು ಪರೀಕ್ಷೆಯಾಗಬೇಕಾದವರು ಮನೆಯ ಅತ್ಯಂತ ಹಿರಿಯ ತಲೆಮಾರಿನವರೇ, ಅವರಲ್ಲಿರುವ ತುಣುಕುಗಳು ಮೊಮ್ಮಕ್ಕಳಲ್ಲಿರುವವಕ್ಕಿಂತ ಒಂದೆರಡು ಮೆಟ್ಟಿಲು ಹಿಂದಿನವು, ಹಾಗಾಗಿ ಉದ್ದವಾದವು. ಫಲಿತಾಂಶ ಬರುವ ಮೊದಲೇ ಅವರನ್ನು ಕೂರಿಸಿಕೊಂಡು ಯಾರು ಯಾರನ್ನು ಯಾವ ವರಸೆಯಲ್ಲಿ ಮದುವೆಯಾದರು, ಯಾವ ಮನೆಗೆ ಹೆಣ್ಣು ಕೊಟ್ಟು ಯಾವ ಮನೆಯಿಂದ ತಂದರು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ಪಟ್ಟಿಯಲ್ಲಿರುವ ಪ್ರತಿ ಬಂಧುವಿಗೂ ತಂದೆಯ ದಾರಿ, ತಾಯಿಯ ದಾರಿ ಎರಡನ್ನೂ ಲೆಕ್ಕ ಹಾಕಿ, ಬರಬೇಕಾದ ಅಂಕಿಯನ್ನು ಬಂದಿರುವ ಅಂಕಿಯ ಪಕ್ಕದಲ್ಲಿಡಬೇಕು. ಒಡಹುಟ್ಟಿದವರಲ್ಲಿಯೇ ಎಷ್ಟೊಂದು ಏರಿಳಿತವಿದೆಯೆಂದು ನೋಡಿದೆವಲ್ಲ, ಅಷ್ಟು ವ್ಯತ್ಯಾಸವನ್ನು ಸಹಜವೆಂದು ಒಪ್ಪಬೇಕು. ಆ ವ್ಯಾಪ್ತಿಯನ್ನೂ ಮೀರಿ ಎರಡು ಅಂಕಿಗಳು ದೂರ ನಿಂತಾಗ, ಬರೆದಿಟ್ಟುಕೊಂಡ ವಂಶವೃಕ್ಷದಲ್ಲಿ ಬಿಟ್ಟುಹೋಗಿರುವ ಹಳೆಯ ಮದುವೆಯೊಂದನ್ನು ಮೊದಲು ಹುಡುಕಬೇಕು, ಬೇರೆ ವಿವರಣೆಗಳಿಗೆ ಕೈಹಾಕುವುದು ಆಮೇಲೆ.